ಕಾರಿನ ಗಾಜು ಒಡೆದಿದೆ, ಬ್ಯಾಗ್ ಇಲ್ಲ: ಮೊದಲ ದಿನ ಏನೇನು ಮಾಡಬೇಕು?

ಬೆಂಗಳೂರಿನ ಯಾವ ಬಡಾವಣೆಯಲ್ಲಿ ವಿಚಾರಿಸಿದರೂ ಹೆಚ್ಚುಕಮ್ಮಿ ಇದೇ ಪಟ್ಟಿ ಸಿಗುತ್ತದೆ. ಕಾರಿನ ಹಿಂದಿನ ಗಾಜು ಒಡೆದು ಲ್ಯಾಪ್‌ಟಾಪ್ ಬ್ಯಾಗ್ ಎತ್ತಿಕೊಂಡು ಹೋದರು. ಎರಡೂ ಸೈಡ್ ಮಿರರ್ ಕಿತ್ತರು. ಬೈಕಿನಿಂದ ಪೆಟ್ರೋಲ್ ಇಳಿಸಿಕೊಂಡರು. ಬಾಗಿಲ ಮುಂದೆ ಬಿಟ್ಟ ಹೊಸ ಶೂ, ಮಗುವಿನ ಸೈಕಲ್, ಗೇಟಿನ ಪಕ್ಕದ ಹಿತ್ತಾಳೆಯ ನೀರಿನ ಮೀಟರ್, ಕೆಲವು ಸಲ ಕುಂಡದ ಸಮೇತ ಗಿಡ. (ಬೆಳಗ್ಗೆ ವಾಕಿಂಗ್ ಹೋಗುತ್ತಾ ಪ್ಲಾಸ್ಟಿಕ್ ಕವರ್ ಹಿಡಿದು ಕಂಡವರ ಕಾಂಪೌಂಡಿನ ದಾಸವಾಳ ಕೀಳುವ ಹಿರಿಯರನ್ನು ಈ ಲೇಖನದಿಂದ ಹೊರಗಿಟ್ಟಿದ್ದೇನೆ. ಅವರನ್ನು ತಡೆಯುವ ಉಪಾಯ ಇನ್ನೂ ಯಾರಿಗೂ ಹೊಳೆದಿಲ್ಲ.)

ಇಂಥದ್ದು ನಡೆದಾಗ ಹೆಚ್ಚಿನವರು ಎರಡರಲ್ಲಿ ಒಂದು ಮಾಡುತ್ತಾರೆ. ಒಂದೋ ‘ಹೋಗ್ಲಿ ಬಿಡಿ, ಸ್ಟೇಷನ್ ಅಲೆದಾಟ ಯಾರಿಗೆ ಬೇಕು’ ಎಂದು ಸುಮ್ಮನಾಗುತ್ತಾರೆ. ಇಲ್ಲಾ, ಬಡಾವಣೆಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಒಂದು ದಿನ ಕೂಗಾಡಿ ಸುಮ್ಮನಾಗುತ್ತಾರೆ. ಎರಡರ ಫಲವೂ ಒಂದೇ. ಬರೆದುಕೊಡದ ಕಳ್ಳತನ ಠಾಣೆಯ ಲೆಕ್ಕದಲ್ಲಿ ನಡೆದೇ ಇಲ್ಲ. ಒಂದು ಕ್ರಾಸಿನ ಹತ್ತು ಮನೆಯವರು ಹೀಗೆ ಸುಮ್ಮನಿದ್ದರೆ ಆ ಕ್ರಾಸು ದಾಖಲೆಯಲ್ಲಿ ತಣ್ಣಗಿರುತ್ತದೆ. ರಾತ್ರಿ ಬೀಟ್‌ನವರು ಅತ್ತ ಜಾಸ್ತಿ ಸುತ್ತು ಹಾಕಲು ಕಾರಣವೇ ಇರುವುದಿಲ್ಲ. ಹಾಗಾಗಿ ಹೋದದ್ದು ಚಿಕ್ಕದಾದರೂ ಮೊದಲ ದಿನದ ಕೆಲಸವನ್ನು ನೆಟ್ಟಗೆ ಮಾಡಿ ಮುಗಿಸಿ ಅನ್ನುವುದು ನನ್ನ ಮಾತು. ತಡೆಯುವ ಬಗೆಯನ್ನು ಆಮೇಲೆ ಹೇಳುತ್ತೇನೆ. ಗಾಜು ಈಗಾಗಲೇ ಒಡೆದಿರುವವರಿಗೆ ಮೊದಲು ಬೇಕಾದದ್ದು ಇದು.

ಮೊದಲ ಅರ್ಧ ಗಂಟೆ

ಒಡೆದ ಗಾಜು ಕಂಡ ಕೂಡಲೇ ಬಾಗಿಲು ತೆಗೆದು ಒಳಗೆ ತಡಕಾಡಬೇಡಿ. ಮೊದಲು ಫೋಟೊ ತೆಗೆಯಿರಿ. ಒಂದು ದೂರದಿಂದ: ಕಾರು, ನಂಬರ್ ಪ್ಲೇಟ್, ಹಿಂದಿರುವ ಮನೆಯೋ ಅಂಗಡಿಯೋ ಎಲ್ಲ ಒಟ್ಟಿಗೆ ಕಾಣಬೇಕು. ಆಮೇಲೆ ಒಡೆದ ಗಾಜು, ಸೀಟು, ಗ್ಲೋವ್ ಬಾಕ್ಸ್, ಡಿಕ್ಕಿ. ನೆಲದ ಮೇಲೆ ಕಲ್ಲೋ ಸ್ಕ್ರೂಡ್ರೈವರೋ ಬಿದ್ದಿದ್ದರೆ ಮುಟ್ಟದೆ ಅದರದ್ದೂ ಒಂದು ಫೋಟೊ. ಪೊಲೀಸರು ನೋಡುವವರೆಗೆ ಕಾರು ಅಲ್ಲೇ ಇರಲಿ.

ಕಳ್ಳ ಇನ್ನೂ ಸುತ್ತಮುತ್ತ ಇದ್ದರೆ, ಅಥವಾ ಈಗಷ್ಟೇ ಓಡಿದ್ದರೆ 112ಕ್ಕೆ ಕರೆ ಮಾಡಿ. ಬೆಂಗಳೂರಿನಲ್ಲಿ ಪೊಲೀಸರ ಹೊಯ್ಸಳ ಗಸ್ತು ವಾಹನ ಬರುತ್ತದೆ. ರಾತ್ರಿ ಯಾವಾಗಲೋ ನಡೆದದ್ದು ಬೆಳಗ್ಗೆ ಗೊತ್ತಾಗಿದ್ದರೂ ಕರೆ ಮಾಡಬಹುದು. ನೀವು ಎಷ್ಟು ಹೊತ್ತಿಗೆ ತಿಳಿಸಿದಿರಿ ಅನ್ನುವುದಕ್ಕೆ ಒಂದು ದಾಖಲೆ ಉಳಿಯುತ್ತದೆ. ಆದರೆ ಹೊಯ್ಸಳದವರು ಬಂದು ನೋಡಿಕೊಂಡು ಹೋದರೆ ದೂರು ದಾಖಲಾಯಿತು ಎಂದು ತಿಳಿಯಬೇಡಿ. ಅದಕ್ಕೆ ನೀವು ಠಾಣೆಗೆ ಹೋಗಲೇಬೇಕು. ಎಷ್ಟೋ ಜನ ಇಲ್ಲೇ ನಿಂತುಬಿಡುತ್ತಾರೆ.

ಪೊಲೀಸರು ಬರುವಷ್ಟರಲ್ಲಿ ಒಂದು ಸುತ್ತು ನಡೆಯಿರಿ. ಪಕ್ಕದ ಚರಂಡಿ, ಖಾಲಿ ಸೈಟು, ಮೂಲೆಯ ಕಸದ ರಾಶಿ ನೋಡಿ. ಕಳ್ಳನಿಗೆ ಬೇಕಾಗಿರುವುದು ನಗದು, ಲ್ಯಾಪ್‌ಟಾಪ್, ಫೋನ್. ಮಾರ್ಕ್ಸ್ ಕಾರ್ಡು, ಪಾಸ್‌ಪೋರ್ಟು, ಚೆಕ್ ಬುಕ್ಕು ಅವನಿಗೆ ಭಾರ. ಬ್ಯಾಗಿನ ಸಮೇತ ಎರಡು ಕ್ರಾಸ್ ಆಚೆ ಎಸೆದಿರುವ ಸಾಧ್ಯತೆ ಇದೆ. ಬೆಳಗ್ಗೆ ಬೀದಿ ಗುಡಿಸುವ ಪೌರಕಾರ್ಮಿಕರನ್ನೂ ಕೇಳಿ. ಬಡಾವಣೆಯಲ್ಲಿ ಏನು ಎಲ್ಲಿ ಬಿದ್ದಿದೆ ಅನ್ನುವುದು ಅವರಿಗೆ ಗೊತ್ತಿರುವಷ್ಟು ಅಸೋಸಿಯೇಷನ್ ಅಧ್ಯಕ್ಷರಿಗೂ ಗೊತ್ತಿರುವುದಿಲ್ಲ. ಬ್ಯಾಗ್ ಸಿಕ್ಕಿದರೆ ಎತ್ತುವ ಮುಂಚೆ ಬಿದ್ದಿದ್ದ ಜಾಗದ ಫೋಟೊ ತೆಗೆದುಕೊಳ್ಳಿ.

ಗಾಜಿನ ಬಗ್ಗೆ ಒಂದು ಎಚ್ಚರಿಕೆ. ಕಾರಿನ ಪಕ್ಕದ ಗಾಜು ಸಾಮಾನ್ಯವಾಗಿ ಟಫನ್ಡ್ ಗಾಜು. ಒಡೆದರೆ ಕಲ್ಲುಸಕ್ಕರೆಯ ಹಾಗೆ ಪುಡಿಪುಡಿಯಾಗಿ ಸೀಟಿನ ಹೊಲಿಗೆ ಸಂದಿಗೆ, ಬಾಗಿಲಿನ ಒಳಗೆ ಎಲ್ಲ ಇಳಿಯುತ್ತದೆ. ಆ ಬಾಗಿಲಿನ ಪವರ್ ವಿಂಡೋ ಬಟನ್ ಒತ್ತಬೇಡಿ. ಗ್ಯಾರೇಜಿನಲ್ಲಿ ವ್ಯಾಕ್ಯೂಮ್ ಹೊಡೆಸುವವರೆಗೆ ಮಕ್ಕಳನ್ನು ಹಿಂದೆ ಕೂರಿಸಬೇಡಿ. ಮಳೆಯ ಭಯ ಇದ್ದರೆ ದಪ್ಪ ಪ್ಲಾಸ್ಟಿಕ್ ಹಾಳೆ ಮುಚ್ಚಿ ಟೇಪ್ ಹಾಕಿ. ಆದರೆ ಪ್ಲಾಸ್ಟಿಕ್ ಮುಚ್ಚಿದ ಕಾರನ್ನು ಆ ರಾತ್ರಿ ಮತ್ತೆ ಅದೇ ರಸ್ತೆಯಲ್ಲಿ ನಿಲ್ಲಿಸಬೇಡಿ. ಪರಿಚಯದವರ ಗೇಟಿನೊಳಗೆ ಒಂದು ರಾತ್ರಿಗೆ ಜಾಗ ಕೇಳಿ.

ಫೋನು, ಕಾರ್ಡು, ಲ್ಯಾಪ್‌ಟಾಪ್

ಫೋನ್ ಹೋಗಿದ್ದರೆ ಮೊದಲು ಬ್ಯಾಂಕಿಗೆ ಕರೆ ಮಾಡಿ ಕಾರ್ಡು, ಯುಪಿಐ ಎರಡನ್ನೂ ನಿಲ್ಲಿಸಿ. ಆಮೇಲೆ ಸಿಮ್ ಬ್ಲಾಕ್ ಮಾಡಿಸಿ ಅದೇ ನಂಬರಿನ ಹೊಸ ಸಿಮ್ ತೆಗೆದುಕೊಳ್ಳಿ. ಖಾತೆಯಿಂದ ಹಣ ಹೋಗಿರುವುದು ಕಂಡರೆ ಒಂದು ನಿಮಿಷವೂ ಕಾಯದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಲ್ಯಾಪ್‌ಟಾಪ್ ಆಫೀಸಿನದ್ದಾದರೆ ಐಟಿ ವಿಭಾಗಕ್ಕೆ ಆಗಲೇ ತಿಳಿಸಿ. ದೂರದಿಂದಲೇ ಅದನ್ನು ಅಳಿಸುವ ವ್ಯವಸ್ಥೆ ಹಲವು ಕಡೆ ಇರುತ್ತದೆ. ಬೈಸಿಕೊಳ್ಳಬೇಕಲ್ಲ ಎಂದು ಸಂಜೆಯವರೆಗೆ ತಡ ಮಾಡಿದರೆ ಬೈಗುಳ ಜಾಸ್ತಿಯಾಗುತ್ತದೆ ಅಷ್ಟೇ.

ಪೊಲೀಸ್ ದೂರಿನ ಪ್ರತಿ ಕೈಗೆ ಬಂದ ಮೇಲೆ ಫೋನಿನ ಐಎಂಇಐ ನಂಬರ್ (ಫೋನಿನ ಗುರುತಿನ ಸಂಖ್ಯೆ) ಕೊಟ್ಟು ದೂರಸಂಪರ್ಕ ಇಲಾಖೆಯ ಸಿಇಐಆರ್ ಜಾಲತಾಣದಲ್ಲಿ ಫೋನನ್ನೇ ಬ್ಲಾಕ್ ಮಾಡಿಸಬಹುದು. ಅದೇ ಇಲಾಖೆಯ ಸಂಚಾರ್ ಸಾಥಿಯಲ್ಲೂ ಈ ಸೌಲಭ್ಯ ಇದೆ. ಬ್ಲಾಕ್ ಆದ ಫೋನಿಗೆ ಬೇರೆ ಸಿಮ್ ಹಾಕಿದರೂ ದೇಶದ ಯಾವ ನೆಟ್‌ವರ್ಕಿನಲ್ಲೂ ಕೆಲಸ ಮಾಡಬಾರದು ಅನ್ನುವುದೇ ಇದರ ಉದ್ದೇಶ. ಅರ್ಜಿ ಹಾಕುವಾಗ ಒಟಿಪಿ ಬೇಕು, ಹೊಸ ಸಿಮ್ ಮೊದಲು ತೆಗೆದುಕೊಳ್ಳಿ ಎಂದದ್ದು ಅದಕ್ಕೇ. ಐಎಂಇಐ ಫೋನಿನ ಡಬ್ಬದ ಮೇಲೆ, ಬಿಲ್ಲಿನ ಮೇಲೆ ಇರುತ್ತದೆ. ಫೋನ್ ಇನ್ನೂ ಕೈಯಲ್ಲೇ ಇರುವವರು ಈಗಲೇ *#06# ಒತ್ತಿ ಬರುವ ನಂಬರ್ ಬರೆದಿಡಿ.

ಇನ್ನೊಂದು ವಿಷಯವನ್ನು ಹೆಚ್ಚಿನವರು ಮರೆಯುತ್ತಾರೆ. ಬ್ಯಾಗಿನಲ್ಲಿ ಮನೆಯ ಕೀ ಇತ್ತೇ? ಗ್ಲೋವ್ ಬಾಕ್ಸಿನ ಆರ್‌ಸಿಯಲ್ಲಿ ಮನೆಯ ವಿಳಾಸ ಇತ್ತೇ? ಎರಡೂ ಒಟ್ಟಿಗೆ ಹೋಗಿದ್ದರೆ ಅವತ್ತೇ ಮನೆಯ ಬೀಗ ಬದಲಾಯಿಸಿ.

ಕ್ಯಾಮೆರಾ: ಇದಕ್ಕೆ ಗಡುವಿದೆ

ಇನ್ನು ಉಳಿದ ಕೆಲಸಗಳಲ್ಲಿ ಕೆಲವು ನಾಳೆ ಆದರೂ ನಡೆದೀತು, ಇದು ಇವತ್ತೇ ಆಗಬೇಕು. ಮನೆಗಳ, ಅಂಗಡಿಗಳ ಸಿಸಿಟಿವಿ ರೆಕಾರ್ಡರಿನಲ್ಲಿ ಜಾಗ ತುಂಬಿದ ಹಾಗೆ ಹಳೆಯ ದೃಶ್ಯದ ಮೇಲೆ ಹೊಸದು ಕೂರುತ್ತದೆ. ಕೆಲವು ಕಡೆ ಎರಡು ವಾರ ಉಳಿಯುತ್ತದೆ, ಚಿಕ್ಕ ಮೆಮೊರಿ ಕಾರ್ಡ್ ಇರುವ ಕ್ಯಾಮೆರಾದಲ್ಲಿ ಎರಡು ಮೂರು ದಿನಕ್ಕೇ ಮುಗಿಯುತ್ತದೆ. ಪೊಲೀಸರು ಬಂದು ಕೇಳಲಿ ಎಂದು ಕಾಯಬೇಡಿ.

ರಸ್ತೆಯ ಎರಡೂ ತುದಿಯವರೆಗೆ ನಡೆದು ಯಾವ ಯಾವ ಮನೆಗೆ ಕ್ಯಾಮೆರಾ ಇದೆ, ಯಾವುದು ರಸ್ತೆ ಕಡೆ ಮುಖ ಮಾಡಿದೆ ಎಂದು ಗುರುತು ಮಾಡಿಕೊಳ್ಳಿ. ನಿಮ್ಮ ಕಾರು ಕಾಣುವ ಕ್ಯಾಮೆರಾಕ್ಕಿಂತ ಮೇನ್ ರೋಡಿಗೆ ಸೇರುವ ತಿರುವಿನ ಕ್ಯಾಮೆರಾ ಹೆಚ್ಚು ಕೆಲಸಕ್ಕೆ ಬರುತ್ತದೆ. ಕಾರಿನ ಹತ್ತಿರ ಮುಖ ಮುಚ್ಚಿಕೊಂಡು ಬಗ್ಗಿದವನು ತಿರುವಿನಲ್ಲಿ ಹೆಲ್ಮೆಟ್ ತೆಗೆದಿರಬಹುದು, ಬೈಕಿನ ನಂಬರ್ ಕಾಣಬಹುದು. ಬೇಕರಿ, ಮೆಡಿಕಲ್ ಶಾಪ್, ಎಟಿಎಂ, ಪಿಜಿ, ಕಲ್ಯಾಣ ಮಂಟಪಗಳನ್ನು ಬಿಡಬೇಡಿ. ಹೆಚ್ಚು ಜನ ಸೇರುವ ಜಾಗಗಳಲ್ಲಿ ಕ್ಯಾಮೆರಾ ಹಾಕಿ 30 ದಿನದ ದೃಶ್ಯ ಉಳಿಸಬೇಕು ಎಂದು ಕರ್ನಾಟಕದಲ್ಲಿ 2017ರ ಸಾರ್ವಜನಿಕ ಸುರಕ್ಷತಾ ಕಾಯ್ದೆಯೇ ಇದೆ.

ಕೇಳುವ ರೀತಿಯೂ ಮುಖ್ಯ. ‘ನಿಮ್ಮ ಸಿಸಿಟಿವಿ ಕೊಡಿ’ ಎಂದರೆ ಯಾರಿಗೂ ಹಿಂಜರಿಕೆ ಆಗುತ್ತದೆ. ‘ಆಂಟಿ, ನಿನ್ನೆ ರಾತ್ರಿ ನಮ್ಮ ಕಾರಿನ ಗಾಜು ಒಡೆದಿದ್ದಾರೆ. ಹನ್ನೊಂದರಿಂದ ಐದರವರೆಗೆ ನಿಮ್ಮ ಮೊಬೈಲಲ್ಲೇ ಒಂದ್ಸಲ ನೋಡ್ಬಹುದಾ? ನೀವೂ ಜೊತೆಗೇ ಇರಿ’ ಎಂದರೆ ಸಾಮಾನ್ಯವಾಗಿ ಒಪ್ಪುತ್ತಾರೆ. ಅವರು ಕೊಡದಿದ್ದರೆ ಜಗಳ ಮಾಡಬೇಡಿ. ಆ ಮನೆಯ ನಂಬರ್ ಬರೆದುಕೊಳ್ಳಿ. ತನಿಖೆಗೆ ಬರುವ ಪೊಲೀಸರಿಗೆ ಕೇಳುವ ಅಧಿಕಾರ ಇದೆ.

ದೃಶ್ಯ ಸಿಕ್ಕಿದರೆ ಮೂರು ಎಚ್ಚರಿಕೆ. ಟಿವಿ ಪರದೆಯನ್ನು ಮೊಬೈಲಿನಲ್ಲಿ ಚಿತ್ರೀಕರಿಸಿಕೊಂಡರೆ ಸಾಲದು, ರೆಕಾರ್ಡರಿನಿಂದ ಮೂಲ ಫೈಲನ್ನೇ ಪೆನ್‌ಡ್ರೈವಿಗೆ ತೆಗೆಸಿ. ಎರಡನೆಯದು ಗಡಿಯಾರ. ರೆಕಾರ್ಡರಿನ (ಡಿವಿಆರ್) ಸಮಯವೂ ನಿಜವಾದ ಸಮಯವೂ ಹೊಂದದೇ ಇರುವುದು ಮಾಮೂಲು. ಎರಡನ್ನೂ ಒಂದೇ ಫೋಟೊದಲ್ಲಿ ಹಿಡಿದು ‘ಈ ಡಿವಿಆರ್ 17 ನಿಮಿಷ ಮುಂದಿದೆ’ ಅನ್ನುವ ಥರ ಬರೆದಿಡಿ. ಇದೊಂದನ್ನು ಬಿಟ್ಟರೆ ಬೇರೆ ಬೇರೆ ಮನೆಯ ದೃಶ್ಯಗಳನ್ನು ಜೋಡಿಸುವಾಗ ತಲೆ ಕೆಡುತ್ತದೆ. ಮೂರನೆಯದಾಗಿ, ಪೆನ್‌ಡ್ರೈವ್ ಪೊಲೀಸರಿಗೆ ಕೊಡುವಾಗ ಪ್ರಮಾಣಪತ್ರ ಬೇಕಾಗುತ್ತದೆ. 2024ರ ಜುಲೈ 1ರಿಂದ ಜಾರಿಯಾಗಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ ಸೆಕ್ಷನ್ 63(4) ಪ್ರಕಾರ ಅದಿಲ್ಲದೆ ಕೋರ್ಟಿನಲ್ಲಿ ದೃಶ್ಯ ನಿಲ್ಲುವುದು ಕಷ್ಟ. ಕ್ಯಾಮೆರಾದ ಮಾಲೀಕರ ಸಹಿ ಬೇಕು, ಹಾಗಾಗಿ ಅವರಿಗೆ ಮೊದಲೇ ಹೇಳಿಟ್ಟಿರಿ. ನಮೂನೆ ಯಾವುದು ಎಂದು ತನಿಖಾಧಿಕಾರಿಯನ್ನೇ ಕೇಳಿ.

ದೃಶ್ಯದಲ್ಲಿ ಮುಖ ಕಂಡಿತು ಎಂದು ಗುಂಪಿನಲ್ಲಿ ‘ಇವನೇ ಕಳ್ಳ’ ಎಂದು ಹಾಕಬೇಡಿ. ಆ ಹೊತ್ತಿನಲ್ಲಿ ಅಲ್ಲಿ ನಡೆದುಹೋದವನು ಪೇಪರ್ ಹಾಕುವ ಹುಡುಗನೂ ಆಗಿರಬಹುದು. ತಪ್ಪು ಫೋಟೊ, ತಪ್ಪು ವದಂತಿ ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂದು ನಮ್ಮ ರಾಜ್ಯ 2018ರಲ್ಲಿ ನೋಡಿದೆ. ಆ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ರಾಜಸ್ಥಾನ ಮೂಲದ ಯುವಕನೊಬ್ಬನನ್ನು ಮಕ್ಕಳ ಕಳ್ಳ ಎಂದು ಹೊಡೆದು ಕೊಂದರು. ಜುಲೈನಲ್ಲಿ ಬೀದರ್ ಜಿಲ್ಲೆಯಲ್ಲಿ ಹೈದರಾಬಾದಿನ ಎಂಜಿನಿಯರ್ ಒಬ್ಬರು ಅದೇ ವದಂತಿಗೆ ಬಲಿಯಾದರು. ದೃಶ್ಯ ಪೊಲೀಸರಿಗೆ ಕೊಡಿ. ಗುಂಪಿನಲ್ಲಿ ‘ಇಂಥ ದಿನ, ಇಂಥ ಹೊತ್ತು, ಇಂಥ ಕ್ರಾಸಿನಲ್ಲಿ ಕಳವಾಗಿದೆ, ನಿಮ್ಮ ಕ್ಯಾಮೆರಾ ನೋಡಿ’ ಎಂದಷ್ಟೇ ಬರೆಯಿರಿ.

ದೂರು ಬರೆಯುವುದು

ಠಾಣೆಗೆ ಬರಿಗೈಯಲ್ಲಿ ಹೋಗಿ ಬಾಯಲ್ಲಿ ಹೇಳಿದರೆ ಎರಡು ಗಂಟೆ ಕೂರಬೇಕಾಗುತ್ತದೆ. ಬರೆದುಕೊಂಡು ಹೋದರೆ ಕೆಲಸ ಬೇಗ ಆಗುತ್ತದೆ. ಕನ್ನಡದಲ್ಲೇ ಬರೆಯಿರಿ. ಒಂದು ಪುಟ ಸಾಕು. ಎರಡು ಪ್ರತಿ ಇರಲಿ. ಹೀಗಿರಬಹುದು:

*ಗೆ, ಪೊಲೀಸ್ ಇನ್‌ಸ್ಪೆಕ್ಟರ್, ........ ಪೊಲೀಸ್ ಠಾಣೆ.*

*ವಿಷಯ: ಕಾರಿನ ಗಾಜು ಒಡೆದು ವಸ್ತುಗಳನ್ನು ಕಳವು ಮಾಡಿರುವ ಬಗ್ಗೆ.*

*ಮಾನ್ಯರೇ, ನಾನು ........ (ಹೆಸರು, ವಯಸ್ಸು, ಕೆಲಸ, ವಿಳಾಸ, ಫೋನ್). ದಿನಾಂಕ ........ ರಂದು ರಾತ್ರಿ ........ ಗಂಟೆಗೆ ನನ್ನ ಕಾರನ್ನು (ನೋಂದಣಿ ಸಂಖ್ಯೆ, ಕಂಪನಿ, ಬಣ್ಣ) ........ ಮುಖ್ಯರಸ್ತೆ, ........ ಕ್ರಾಸ್, ಮನೆ ನಂ. ........ ಎದುರು ನಿಲ್ಲಿಸಿ ಲಾಕ್ ಮಾಡಿ ಹೋಗಿದ್ದೆ. ಮರುದಿನ ಬೆಳಗ್ಗೆ ........ ಗಂಟೆಗೆ ಬಂದು ನೋಡಿದಾಗ ಎಡಭಾಗದ ಹಿಂದಿನ ಗಾಜು ಒಡೆದಿತ್ತು. ಯಾರೋ ಕಳ್ಳರು ಒಳಗಿದ್ದ ಈ ಕೆಳಗಿನ ವಸ್ತುಗಳನ್ನು ಕಳವು ಮಾಡಿರುತ್ತಾರೆ: 1) ಲ್ಯಾಪ್‌ಟಾಪ್, ಮಾದರಿ ........, ಸೀರಿಯಲ್ ನಂ. ........, ಬೆಲೆ ರೂ. ........ 2) ........ ಗಾಜು ಒಡೆದಿರುವುದರಿಂದ ಆದ ನಷ್ಟ ಅಂದಾಜು ರೂ. ........ ಮನೆ ನಂ. ........, ........ ಇಲ್ಲಿಯ ಸಿಸಿಟಿವಿಯಲ್ಲಿ ದೃಶ್ಯ ಇರುತ್ತದೆ. ಪ್ರಕರಣ ದಾಖಲಿಸಿ, ಕಳವಾದ ವಸ್ತುಗಳನ್ನು ಪತ್ತೆ ಮಾಡಿಕೊಡಬೇಕೆಂದು ಕೋರುತ್ತೇನೆ.*

‘ಯಾರೋ ಕಳ್ಳರು’ ಎಂದೇ ಬರೆಯಿರಿ. ಮನೆಗೆಲಸದವರ ಮೇಲೆ, ಪಕ್ಕದ ಸೈಟಿನಲ್ಲಿ ಕಟ್ಟಡದ ಕೆಲಸ ಮಾಡುವವರ ಮೇಲೆ, ಚಿಂದಿ ಆಯುವವರ ಮೇಲೆ ಊಹೆಯಿಂದ ಬೆರಳು ತೋರಿಸಬೇಡಿ. ಗಾಜು ಒಡೆದು ಹೋಗುವವರು ಹೆಚ್ಚಾಗಿ ಬೈಕಿನಲ್ಲಿ ಬಂದು ನಿಮಿಷದೊಳಗೆ ಮಾಯವಾಗುವವರು. ದಿನಾ ಅದೇ ರಸ್ತೆಯಲ್ಲಿ ಮುಖ ತೋರಿಸಬೇಕಾದವರಿಗೆ ಆ ಧೈರ್ಯ ಕಷ್ಟ.

ಬೆಲೆ ಬರೆಯುವಾಗ ಒಂದು ಗೆರೆ ಗೊತ್ತಿರಲಿ: 5,000 ರೂಪಾಯಿ. ಐಪಿಸಿಯ ಬದಲು ಬಂದಿರುವ ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 303(2) ಪ್ರಕಾರ ಕಳ್ಳತನಕ್ಕೆ 3 ವರ್ಷದವರೆಗೆ ಜೈಲು, ದಂಡ, ಅಥವಾ ಎರಡೂ. ಆದರೆ ಮಾಲಿನ ಬೆಲೆ 5,000ಕ್ಕಿಂತ ಕಡಿಮೆ ಇದ್ದು, ಮೊದಲ ಸಲ ಶಿಕ್ಷೆಗೆ ಒಳಗಾಗುವವನು ಅದನ್ನು ಹಿಂದಿರುಗಿಸಿದರೆ ಸಮುದಾಯ ಸೇವೆ ಅಷ್ಟೇ. ಅಂಥ ಚಿಕ್ಕ ಕಳ್ಳತನವನ್ನು ಹೊಸ ಕಾನೂನು ಅಸಂಜ್ಞೇಯ ಎಂದು ಇಟ್ಟಿದೆ. ಅಂದರೆ ಮ್ಯಾಜಿಸ್ಟ್ರೇಟರ ಆದೇಶ ಇಲ್ಲದೆ ಪೊಲೀಸರು ತನಿಖೆ ಮಾಡುವ ಹಾಗಿಲ್ಲ. ಠಾಣೆಯಲ್ಲಿ ಎಫ್‌ಐಆರ್ ಬದಲು ಎನ್‌ಸಿಆರ್ (ಅಸಂಜ್ಞೇಯ ಅಪರಾಧದ ವರದಿ) ಕೊಟ್ಟರೆ ಕಾರಣ ಇದೇ ಇರಬಹುದು. ಸುಳ್ಳು ಬೆಲೆ ಬರೆಯಿರಿ ಎಂದು ನಾನು ಹೇಳುತ್ತಿಲ್ಲ. ನಿಜವಾದ ಬೆಲೆಯನ್ನೂ ಜನ ಕಮ್ಮಿ ಬರೆಯುತ್ತಾರೆ ಅನ್ನುವುದು ನನ್ನ ತಕರಾರು. ‘ಮಿರರ್ ತಾನೇ, ಒಂದೆರಡು ಸಾವಿರ’ ಎಂದು ಬರೆದು ಆಮೇಲೆ ಸರ್ವಿಸ್ ಸೆಂಟರಿನಲ್ಲಿ ಮೋಟರ್, ಇಂಡಿಕೇಟರ್ ಇರುವ ಜೋಡಿ ಮಿರರ್‌ನ ಬೆಲೆ ಕೇಳಿ ಕೂರುತ್ತಾರೆ. ಫೋನ್ ಮಾಡಿ ಬೆಲೆ ತಿಳಿದುಕೊಂಡು ಆಮೇಲೆ ಬರೆಯಿರಿ. ಇನ್ನು, ಕಳವು ವಾಸದ ಮನೆಯೊಳಗೆ ಆಗಿದ್ದರೆ ಅದು ಸೆಕ್ಷನ್ 305ಕ್ಕೆ ಬರುತ್ತದೆ, 7 ವರ್ಷದವರೆಗೆ ಶಿಕ್ಷೆ ಇದೆ. ವಸ್ತು ಎಲ್ಲಿತ್ತು ಎಂದು ದೂರಿನಲ್ಲಿ ಸ್ಪಷ್ಟವಾಗಿ ಬರೆಯುವುದು ಅದಕ್ಕೇ ಮುಖ್ಯ.

ಠಾಣೆಯಲ್ಲಿ

‘ಇದು ನಮ್ಮ ಲಿಮಿಟ್ಸ್‌ಗೆ ಬರಲ್ಲ’ ಎಂಬ ಮಾತು ಕೇಳಬಹುದು. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ (ಬಿಎನ್‌ಎಸ್‌ಎಸ್) ಸೆಕ್ಷನ್ 173 ಪ್ರಕಾರ ಸಂಜ್ಞೇಯ ಅಪರಾಧದ, ಅಂದರೆ ಪೊಲೀಸರು ನೇರವಾಗಿ ತನಿಖೆ ಮಾಡಬಹುದಾದ ಅಪರಾಧದ, ಮಾಹಿತಿಯನ್ನು ಯಾವ ಠಾಣೆಯಲ್ಲಾದರೂ ಕೊಡಬಹುದು. ಅವರು ಝೀರೊ ಎಫ್‌ಐಆರ್ ಮಾಡಿ ಸರಿಯಾದ ಠಾಣೆಗೆ ಕಳಿಸಬೇಕು. ಆದರೂ ಕಳವಾದ ಜಾಗದ ಠಾಣೆ ಹತ್ತಿರವೇ ಇದ್ದರೆ ಅಲ್ಲಿಗೇ ಹೋಗಿ. ತನಿಖೆ ಮಾಡುವವರು ಕೊನೆಗೆ ಅವರೇ. ಇಮೇಲ್‌ನಂಥ ಎಲೆಕ್ಟ್ರಾನಿಕ್ ದಾರಿಯಲ್ಲೂ ದೂರು ಕಳಿಸಬಹುದು. ಆಗ 3 ದಿನದೊಳಗೆ ಠಾಣೆಗೆ ಹೋಗಿ ಸಹಿ ಹಾಕಬೇಕು.

‘ಇ-ಲಾಸ್ಟ್ ಮಾಡ್ಕೊಳ್ಳಿ ಸಾರ್, ಸಾಕು’ ಎಂದರೆ ನಯವಾಗಿ ಬೇಡ ಎನ್ನಿ. ಇ-ಲಾಸ್ಟ್ ಎಂಬ ಪೊಲೀಸರ ಆನ್‌ಲೈನ್ ವ್ಯವಸ್ಥೆ ಇರುವುದು ನೀವೇ ಕಳೆದುಕೊಂಡ ವಸ್ತುವಿಗೆ. ಕಳವಾದ ವಸ್ತುವಿಗೆ ಅದನ್ನು ಮಾಡಿಸಿಕೊಂಡರೆ ‘ಎಲ್ಲೋ ಬೀಳಿಸಿಕೊಂಡೆ’ ಎಂದು ನೀವೇ ಬರೆದುಕೊಟ್ಟ ಹಾಗಾಗುತ್ತದೆ. ವಿಮೆಯವರು ಕೇಳುವುದು ಎಫ್‌ಐಆರ್.

ಎಫ್‌ಐಆರ್ ಪ್ರತಿಗೆ ದುಡ್ಡು ಕೊಡಬೇಕಿಲ್ಲ, ಅದು ನಿಮ್ಮ ಹಕ್ಕು. ಅವತ್ತು ಎಫ್‌ಐಆರ್ ಆಗದಿದ್ದರೆ ನಿಮ್ಮ ಎರಡನೇ ಪ್ರತಿಯ ಮೇಲೆ ದಿನಾಂಕ ಮತ್ತು ಸೀಲ್ ಹಾಕಿಸಿ ಹಿಂಬರಹ (ದೂರು ಬಂದಿದೆ ಎಂಬ ಸ್ವೀಕೃತಿ) ಪಡೆಯಿರಿ. ಸೀಲ್ ಇಲ್ಲದೆ ಹೊರಗೆ ಬರಬೇಡಿ. ಸಂಜ್ಞೇಯ ಅಪರಾಧ ಇದ್ದೂ ದೂರು ತೆಗೆದುಕೊಳ್ಳದಿದ್ದರೆ ಅದೇ ದೂರನ್ನು ರಿಜಿಸ್ಟರ್ಡ್ ಅಂಚೆಯಲ್ಲಿ ಎಸ್‌ಪಿಗೆ, ಬೆಂಗಳೂರಿನಂಥ ಕಮಿಷನರೇಟಿನಲ್ಲಿ ಡಿಸಿಪಿಗೆ ಕಳಿಸಬಹುದು. ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಬಳಿ ಹೋಗಬಹುದು. ನನಗೆ ತಿಳಿದ ಮಟ್ಟಿಗೆ ಅಷ್ಟು ದೂರ ಹೋಗುವ ಸಂದರ್ಭ ಕಡಿಮೆ. ಪಟ್ಟಿ, ಬಿಲ್ಲು, ಪೆನ್‌ಡ್ರೈವ್ ಹಿಡಿದು ಬಂದವರನ್ನು ಸ್ಟೇಷನ್ ರೈಟರ್ ಬೇರೆ ಥರ ನೋಡುತ್ತಾರೆ.

ಆಮೇಲೆ ಪೊಲೀಸರು ಬಂದು ಸ್ಥಳ ಮಹಜರು ಮಾಡುತ್ತಾರೆ, ಅಂದರೆ ಜಾಗ ನೋಡಿ ಕಂಡದ್ದನ್ನು ಬರೆದಿಡುತ್ತಾರೆ. ಪಂಚರಾಗಿ (ಸಾಕ್ಷಿಗಳಾಗಿ) ಸಹಿ ಹಾಕಲು ಇಬ್ಬರು ಅಕ್ಕಪಕ್ಕದವರು ಬೇಕು. ಯಾರನ್ನು ಕರೆಯಬಹುದು ಎಂದು ಮೊದಲೇ ಮಾತಾಡಿಟ್ಟರೆ ಒಳ್ಳೆಯದು. ತನಿಖೆ ಎಲ್ಲಿಗೆ ಬಂತು ಎಂದು 90 ದಿನದೊಳಗೆ ನಿಮಗೆ ತಿಳಿಸಬೇಕು ಎಂದು ಹೊಸ ಕಾನೂನಿನಲ್ಲಿದೆ. ಕಳ್ಳ ಪತ್ತೆಯಾಗದೆ ಮುಗಿಸಿದರೆ ಕರ್ನಾಟಕದಲ್ಲಿ ಅದಕ್ಕೆ ‘ಸಿ ರಿಪೋರ್ಟ್’ ಎನ್ನುತ್ತಾರೆ. ಅದರ ಪ್ರತಿಯನ್ನೂ ಕೇಳಿ ಇಟ್ಟುಕೊಳ್ಳಿ.

ವಿಮೆ ಕೇಳಬೇಕೋ ಬೇಡವೋ

ಥರ್ಡ್ ಪಾರ್ಟಿ ಪಾಲಿಸಿ ಮಾತ್ರ ಇದ್ದರೆ ಒಡೆದ ಗಾಜಿಗೆ ಏನೂ ಬರುವುದಿಲ್ಲ. ಓನ್ ಡ್ಯಾಮೇಜ್ (ನಿಮ್ಮದೇ ಗಾಡಿಯ ಹಾನಿಗೆ ಸಿಗುವ ವಿಮೆ) ಇದ್ದರೆ ಬರುತ್ತದೆ. ಸಾಮಾನ್ಯ ಪಾಲಿಸಿಯಲ್ಲಿ ಗಾಜಿಗೆ ಸವಕಳಿ (ಹಳತಾದದ್ದಕ್ಕೆ ಇಳಿಸುವ ಬೆಲೆ) ಕಳೆಯುವುದಿಲ್ಲ, ಪ್ಲಾಸ್ಟಿಕ್ ಮತ್ತು ರಬ್ಬರ್ ಭಾಗಗಳಿಗೆ 50% ಕಳೆಯುತ್ತಾರೆ. ಮಿರರ್‌ನ ಪ್ಲಾಸ್ಟಿಕ್ ಹೊದಿಕೆಗೆ ಬಂದ ಹಣ ಅರ್ಧಕ್ಕೆ ಇಳಿದರೆ ಗಾಬರಿಯಾಗಬೇಡಿ. ಪ್ರತಿ ಕ್ಲೇಮಿನಲ್ಲೂ 1,500 ಸಿಸಿವರೆಗಿನ ಕಾರಿಗೆ 1,000, ಅದಕ್ಕೂ ದೊಡ್ಡದಕ್ಕೆ 2,000 ರೂಪಾಯಿ ನಿಮ್ಮ ಕೈಯಿಂದ.

ಆದರೆ ಚಿಕ್ಕ ಮೊತ್ತಕ್ಕೆ ಕ್ಲೇಮ್ ಹಾಕುವ ಮೊದಲು ಪೆನ್ನು ತೆಗೆದುಕೊಳ್ಳಿ. ಕ್ಲೇಮ್ ಇಲ್ಲದ ವರ್ಷಗಳಿಗೆ ಸಿಗುವ ರಿಯಾಯಿತಿ 20, 25, 35, 45, 50% ಎಂದು ಏರುತ್ತದೆ. ನಿಮ್ಮ ಓನ್ ಡ್ಯಾಮೇಜ್ ಪ್ರೀಮಿಯಂ 12,000 ಇದ್ದು ನೀವು 50%ರಲ್ಲಿದ್ದರೆ ವರ್ಷಕ್ಕೆ 6,000 ಉಳಿಯುತ್ತಿದೆ. ಗಾಜಿನ ಬಿಲ್ಲು 4,500 ಎಂದುಕೊಳ್ಳಿ. ಕ್ಲೇಮ್ ಹಾಕಿದರೆ ಕೈಗೆ ಬರುವುದು 3,500, ಮುಂದಿನ ವರ್ಷ ಹೋಗುವುದು 6,000. ಅದರ ಮುಂದಿನ ವರ್ಷವೂ 20%ರಿಂದಲೇ ಶುರು. ಹೀಗಿದ್ದಾಗ ಕೈಯಿಂದ ಹಾಕಿ ಮುಗಿಸುವುದೇ ಲಾಭ. ರಿಯಾಯಿತಿ ಕಾಪಾಡುವ ಆಡ್-ಆನ್ (ಹೆಚ್ಚುವರಿ ರಕ್ಷಣೆ) ತೆಗೆದುಕೊಂಡಿದ್ದರೆ ಲೆಕ್ಕ ಬೇರೆ.

ಕಾರಿನೊಳಗಿನ ಲ್ಯಾಪ್‌ಟಾಪ್, ಬ್ಯಾಗು ಕಾರಿನ ವಿಮೆಗೆ ಬರುವುದಿಲ್ಲ, ಅದಕ್ಕೆ ಬೇರೆ ಆಡ್-ಆನ್ ಬೇಕು. ಹೊರಗಿನಿಂದ ಹಾಕಿಸಿದ ಸ್ಟೀರಿಯೋ, ಅಲಾಯ್ ವೀಲ್‌ಗಳನ್ನು ಪಾಲಿಸಿಯಲ್ಲಿ ಘೋಷಿಸದಿದ್ದರೆ ಅವೂ ಇಲ್ಲ. ಬೈಕಿನವರಿಗೆ ಇನ್ನೂ ಕಠಿಣ: ಬೈಕ್ ಉಳಿದು ಬಿಡಿ ಸಾಮಾನು ಮಾತ್ರ ಕಳವಾದರೆ ಸಾಮಾನ್ಯ ಪಾಲಿಸಿಯಲ್ಲಿ ಏನೂ ಸಿಗುವುದಿಲ್ಲ.

ಮೂಲ ಆರ್‌ಸಿ ಹೋಗಿದ್ದರೆ ದೂರಿನ ಪ್ರತಿಯೊಂದಿಗೆ ಆರ್‌ಟಿಒದಲ್ಲಿ ಫಾರ್ಮ್ 26 ಕೊಟ್ಟು ನಕಲು ಪಡೆಯಬೇಕು. ಡಿಜಿಲಾಕರ್, ಎಂಪರಿವಾಹನ್‌ನ ದಾಖಲೆಗಳು ತಪಾಸಣೆಯಲ್ಲಿ ನಡೆಯುತ್ತವೆ, ಹಾಗಾಗಿ ಇನ್ನು ಮುಂದೆ ಮೂಲ ಕಾರ್ಡನ್ನು ಕಾರಿನಲ್ಲಿ ಇಡುವ ಅಗತ್ಯವೇ ಇಲ್ಲ.

ಇನ್ನೂ ಕಳವಾಗದವರಿಗೆ

ಕಾರು ಖಾಲಿ ಕಾಣಬೇಕು. ಇದಕ್ಕಿಂತ ದೊಡ್ಡ ಉಪಾಯ ಇಲ್ಲ. ಖಾಲಿ ಬ್ಯಾಗಾದರೂ ಸರಿ, ಜಾಕೆಟ್ಟಾದರೂ ಸರಿ, ಹೊರಗಿನಿಂದ ನೋಡುವವನಿಗೆ ಒಳಗೆ ಏನೋ ಇದೆ ಅನ್ನಿಸಿದರೆ ಗಾಜು ಹೋಗುತ್ತದೆ. ಚಾರ್ಜರ್ ವೈರು, ಮೊಬೈಲ್ ಸ್ಟ್ಯಾಂಡು ಕೂಡ ತೆಗೆದಿಡಿ. ಬ್ಯಾಗನ್ನು ಡಿಕ್ಕಿಗೆ ಹಾಕುವುದಾದರೆ ಹೊರಡುವ ಜಾಗದಲ್ಲೇ ಹಾಕಿ. ಹೋಟೆಲ್ ಮುಂದೆ, ಪಾರ್ಕ್ ಮುಂದೆ ಕಾರು ನಿಲ್ಲಿಸಿ ಎಲ್ಲರ ಎದುರು ಡಿಕ್ಕಿಯಲ್ಲಿಟ್ಟರೆ ಎಲ್ಲಿಟ್ಟಿದ್ದೀರಿ ಎಂದು ನೀವೇ ತೋರಿಸಿಕೊಟ್ಟ ಹಾಗೆ. ಒಳಗಿರುವುದು ಕಾಣದಿರಲಿ ಎಂದು ಗಾಜಿಗೆ ಪೂರ್ತಿ ಕಪ್ಪು ಫಿಲ್ಮ್ ಹಾಕಿಸಲು ಹೋಗಬೇಡಿ. ಮುಂದಿನ, ಹಿಂದಿನ ಗಾಜು 70%, ಪಕ್ಕದವು 50% ಬೆಳಕು ಬಿಡಲೇಬೇಕು ಎಂಬ ನಿಯಮ ಇದೆ.

ಬ್ಯಾಂಕಿನಿಂದ ನಗದು ತೆಗೆದುಕೊಂಡು ಹೊರಟ ದಿನ ಎಲ್ಲೂ ನಿಲ್ಲಿಸದೆ ಸೀದಾ ಮನೆಗೆ ಹೋಗಿ. ಬ್ಯಾಂಕಿನಿಂದಲೇ ಹಿಂಬಾಲಿಸಿ, ದಾರಿಯಲ್ಲಿ ಕಾಫಿಗೋ ತರಕಾರಿಗೋ ನಿಲ್ಲಿಸಿದಾಗ ಸ್ಕೂಟರಿನ ಡಿಕ್ಕಿ ಮುರಿಯುವುದು ಹಳೆಯ ಪದ್ಧತಿ. ‘ಸಾರ್, ಟೈರ್ ಪಂಕ್ಚರ್’, ‘ಇಂಜಿನ್ ಆಯಿಲ್ ಸೋರ್ತಿದೆ’, ‘ನಿಮ್ಮ ದುಡ್ಡು ಬಿದ್ದಿದೆ ನೋಡಿ’ ಎಂದು ಯಾರಾದರೂ ಹೇಳಿದರೆ ಇಳಿಯುವ ಮುಂಚೆ ಬ್ಯಾಗ್ ಕೈಗೆ ತೆಗೆದುಕೊಂಡು ಗಾಜು ಏರಿಸಿ ಲಾಕ್ ಮಾಡಿ. ನಿಜಕ್ಕೂ ಪಂಕ್ಚರ್ ಆಗಿದ್ದರೆ ಇನ್ನು ಸ್ವಲ್ಪ ಮುಂದೆ, ಜನ ಇರುವ ಪೆಟ್ರೋಲ್ ಬಂಕಿನವರೆಗೆ ನಿಧಾನವಾಗಿ ಹೋದರೂ ನಷ್ಟ ಕಡಿಮೆಯೇ.

ಮಾರುತಿ ಈಕೋ ವ್ಯಾನ್ ಇಟ್ಟುಕೊಂಡವರು ಸೈಲೆನ್ಸರ್ ಕಡೆ ಗಮನ ಕೊಡಬೇಕು. ಅದರ ಕ್ಯಾಟಲಿಟಿಕ್ ಕನ್ವರ್ಟರ್‌ನಲ್ಲಿ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂನಂಥ ದುಬಾರಿ ಲೋಹಗಳು ಇರುವುದರಿಂದ ಗಾಡಿ ಬಿಟ್ಟು ಅದನ್ನಷ್ಟೇ ಕದಿಯುತ್ತಾರೆ. ಬೋಲ್ಟಿನ ಮೇಲೆ ವೆಲ್ಡ್ ಹಾಕಿಸಿ ಅಥವಾ ಗೋಡೆಗೆ ಹತ್ತಿಸಿ ನಿಲ್ಲಿಸಿ. ಗಾಡಿಯ ಹೊಟ್ಟೆಯ ಕೆಳಗೆ ಸ್ಟೆಪ್ನಿ ಇರುವವರು ಲಾಕ್ ಹಾಕಿಸಿ. ಕದ್ದ ಮಿರರ್ ಅಗ್ಗಕ್ಕೆ ಸಿಗುತ್ತದೆ ಎಂದು ಗುಜರಿಯಿಂದ ಬಿಲ್ಲಿಲ್ಲದೆ ತರುವವರಿಗೂ ಒಂದು ಮಾತು: ಕದ್ದ ಮಾಲು ಎಂದು ಗೊತ್ತಿದ್ದೂ ಕೊಂಡರೆ ಅದೂ 3 ವರ್ಷದವರೆಗಿನ ಅಪರಾಧ. ನಾಳೆ ಹೋಗುವುದು ನಿಮ್ಮದೇ ಮಿರರ್.

ಮನೆ ಮುಂದಿನ ಸಾಮಾನಿಗೆ ಹೇಳುವುದು ಜಾಸ್ತಿ ಇಲ್ಲ. ಸೈಕಲ್ಲಿಗೆ ಬೀಗ ಹಾಕಿದರೆ ಸಾಲದು, ಗ್ರಿಲ್ಲಿಗೋ ಕಂಬಕ್ಕೋ ಸೇರಿಸಿ ಬೀಗ ಹಾಕಿ. ಪಾರ್ಸೆಲ್ ಗೇಟಿನ ಮೇಲೆ ಇಟ್ಟುಹೋಗಿ ಎನ್ನಬೇಡಿ. ನೀರಿನ ಮೀಟರಿಗೆ ಕಬ್ಬಿಣದ ಪೆಟ್ಟಿಗೆ ಮಾಡಿಸಿ. ಬೆಂಗಳೂರಿನಲ್ಲಿ ಮೀಟರ್ ಕಳವಾದರೆ ದೂರು ಕೊಟ್ಟು ಜಲಮಂಡಳಿಯ 1916ಕ್ಕೂ ತಿಳಿಸಿ.

ಇಡೀ ರಸ್ತೆ ಮಾಡಬೇಕಾದದ್ದು

ಕ್ಯಾಮೆರಾ ಹಾಕಿಸುವ ಮುಂಚೆ ಬೀದಿ ದೀಪ ನೋಡಿ. ಕೆಟ್ಟ ದೀಪದ ಕಂಬದ ನಂಬರ್ ಬರೆದುಕೊಂಡು ಬೆಂಗಳೂರಿನಲ್ಲಿ 1533ಕ್ಕೆ, ಬೇರೆ ಊರಿನಲ್ಲಿ ನಗರಸಭೆಗೆ ದೂರು ಕೊಡಿ. ದೀಪ ಇದ್ದೂ ಮರದ ಕೊಂಬೆ ಅದನ್ನು ಮುಚ್ಚಿರುವುದೇ ಹೆಚ್ಚು, ಅದನ್ನೂ ದೂರಿನಲ್ಲಿ ಸೇರಿಸಿ.

ಕ್ಯಾಮೆರಾ ಹಾಕುವವರು ಎರಡನೇ ಮಹಡಿಯ ತುದಿಯಲ್ಲಿ ಹಾಕಿಸುತ್ತಾರೆ. ಅಲ್ಲಿಂದ ಇಡೀ ರಸ್ತೆ ಕಾಣುತ್ತದೆ ನಿಜ, ಆದರೆ ಮನುಷ್ಯರ ನೆತ್ತಿ ಮಾತ್ರ. ಎಂಟೊಂಬತ್ತು ಅಡಿ ಎತ್ತರದಲ್ಲಿ, ರಸ್ತೆಗೆ ಬರುವವರ ಮುಖ ಸಿಗುವ ಕೋನದಲ್ಲಿ ಒಂದಾದರೂ ಇರಲಿ. ಎದುರು ಮನೆಯ ಕಿಟಕಿ, ಬಾಲ್ಕನಿ ಅದರಲ್ಲಿ ಬರಬಾರದು. ಕರೆಂಟ್ ಹೋದಾಗ ನಡೆಯುವ ಹಾಗೆ ಯುಪಿಎಸ್‌ಗೆ ಸೇರಿಸಿ. ರೆಕಾರ್ಡರ್ ಹಾಲಿನ ಟಿವಿ ಪಕ್ಕ ಬೇಡ, ಮನೆಗೆ ನುಗ್ಗಿದವರು ಅದನ್ನೂ ಎತ್ತಿಕೊಂಡು ಹೋಗುತ್ತಾರೆ. ತಿಂಗಳಿಗೊಮ್ಮೆ ರಾತ್ರಿಯ ದೃಶ್ಯ ತೆಗೆದು ನೋಡಿ. ಜೇಡರ ಬಲೆ ಕಟ್ಟಿ ಬರೀ ಬಿಳಿ ಮಂಜು ಕಾಣುವ ಕ್ಯಾಮೆರಾಗಳು ಎಷ್ಟಿವೆಯೋ!

ನಿಮ್ಮ ಬೀಟ್ ಪೊಲೀಸರ ನಂಬರ್ ಇಟ್ಟುಕೊಳ್ಳಿ. ಹಬ್ಬಕ್ಕೋ ಮದುವೆಗೋ ಊರಿಗೆ ಹೊರಟಾಗ ಅವರಿಗೆ ತಿಳಿಸಿ ಹೋಗಿ, ಗುಂಪಿನಲ್ಲಿ ಹಾಕಬೇಡಿ. ಪೇಪರು, ಹಾಲು ನಿಲ್ಲಿಸಿ.

ಕಳ್ಳ ಕೈಗೆ ಸಿಕ್ಕಿದರೆ? ಕಣ್ಣೆದುರೇ ಸಂಜ್ಞೇಯ ಮತ್ತು ಜಾಮೀನುರಹಿತ ಅಪರಾಧ ಮಾಡಿದವನನ್ನು ಸಾಮಾನ್ಯ ಜನರೂ ಹಿಡಿಯಬಹುದು, ಆದರೆ 6 ಗಂಟೆಯೊಳಗೆ ಪೊಲೀಸರಿಗೆ ಒಪ್ಪಿಸಲೇಬೇಕು ಎಂದು ಬಿಎನ್‌ಎಸ್‌ಎಸ್ ಸೆಕ್ಷನ್ 40 ಹೇಳುತ್ತದೆ. ಹೊಡೆದರೆ ಕೇಸು ನಿಮ್ಮ ಮೇಲೆ. ರಾತ್ರಿ ಒಬ್ಬರೇ ಅಟ್ಟಿಸಿಕೊಂಡು ಹೋಗಬೇಡಿ, ಅವನ ಬಳಿ ಚಾಕು ಇದೆಯೋ ಇಲ್ಲವೋ ನಿಮಗೆ ಗೊತ್ತಿಲ್ಲ. ಲೈಟ್ ಹಾಕಿ, ಕೂಗಿ, 112ಕ್ಕೆ ಕರೆ ಮಾಡಿ.

ಠಾಣೆಯಿಂದ ಫೋನ್ ಬಂದರೆ

ತಿಂಗಳುಗಳು ಕಳೆದ ಮೇಲೆ ‘ನಿಮ್ಮ ಮಾಲು ಸಿಕ್ಕಿದೆ’ ಎಂದು ಕರೆ ಬರುವುದುಂಟು. ಬೇರೆ ಯಾವುದೋ ಕೇಸಿನಲ್ಲಿ ಹಿಡಿದ ಕಳ್ಳನ ಬಳಿ ಹತ್ತಾರು ಲ್ಯಾಪ್‌ಟಾಪ್ ಸಿಕ್ಕಿರುತ್ತವೆ. ಅದರಲ್ಲಿ ನಿಮ್ಮದು ಯಾವುದು ಎಂದು ಹೇಳುವುದು ಸೀರಿಯಲ್ ನಂಬರ್ ಮಾತ್ರ. ಎಫ್‌ಐಆರ್‌ನಲ್ಲಿ ಅದು ಇಲ್ಲದಿದ್ದರೆ ನಿಮಗೆ ಕರೆಯೇ ಬರುವುದಿಲ್ಲ. ಹೋಗುವಾಗ ಎಫ್‌ಐಆರ್ ಪ್ರತಿ, ಬಿಲ್ಲು, ಗುರುತಿನ ಚೀಟಿ ತೆಗೆದುಕೊಂಡು ಹೋಗಿ. ವಸ್ತುವನ್ನು ಠಾಣೆಯಲ್ಲಿ ನೋಡಿ ಗುರುತಿಸಬಹುದು, ಆದರೆ ಬಿಡಿಸಿಕೊಳ್ಳುವುದು ನ್ಯಾಯಾಲಯದ ಆದೇಶದ ಮೇಲೆ. ಅದಕ್ಕೆ ಅರ್ಜಿ ಹಾಕಬೇಕು, ಕೇಳಿದಾಗ ಹಾಜರುಪಡಿಸುತ್ತೇನೆ ಎಂದು ಬಾಂಡ್ ಬರೆದುಕೊಡಬೇಕಾಗುತ್ತದೆ. ಹಾಗಾಗಿ ವಾಪಸ್ ಬಂದ ಲ್ಯಾಪ್‌ಟಾಪನ್ನು ಕೇಸು ಮುಗಿಯುವವರೆಗೆ ಮಾರಬೇಡಿ, ಎಕ್ಸ್‌ಚೇಂಜಿಗೂ ಕೊಡಬೇಡಿ. ಕಳವಾದ ಫೋನ್ ಸಿಕ್ಕಿದ್ದರೆ ಸಿಇಐಆರ್‌ನಲ್ಲಿ ಅನ್‌ಬ್ಲಾಕ್ ಮಾಡಿಸಿದ ಮೇಲೇ ಅದಕ್ಕೆ ಸಿಮ್ ಹಾಕಿ.